ಕಿರೀಟ ಬಂತು, ಆಟ ಬರಲಿಲ್ಲ

1984ರಲ್ಲಿ ನಾನು ಮದ್ರಾಸಿನ ಒಂದು ವಸ್ತುಸಂಗ್ರಹಾಲಯದಲ್ಲಿ ಸಹಾಯಕ ಕ್ಯುರೇಟರ್ ಆಗಿದ್ದೆ. ಕ್ಯುರೇಟರ್ ಎಂದರೆ ಸಂಗ್ರಹಕ್ಕೆ ಬಂದ ವಸ್ತುಗಳನ್ನು ಗುರುತಿಸಿ, ದಾಖಲಿಸಿ, ಕೆಡದಂತೆ ಕಾಪಾಡಿ, ಜನ ನೋಡುವಂತೆ ಜೋಡಿಸುವವರು. ಸಹಾಯಕಿಯಾಗಿ ನನಗೆ ಸಿಗುತ್ತಿದ್ದುದು ಇವುಗಳಲ್ಲಿ ಓಡಾಟದ ಭಾಗ. ಎಂಟು ವರ್ಷದ ಸರ್ವಿಸ್ ಆಗಿತ್ತು. ನನ್ನ ಕೆಲಸ ನನಗೆ ಚೆನ್ನಾಗಿ ಬರುತ್ತದೆ ಎಂಬ ನಂಬಿಕೆ ಆಗ ಗಟ್ಟಿಯಾಗಿತ್ತು.

ಆ ವರ್ಷ ನಮ್ಮಲ್ಲಿ ಹಳ್ಳಿ ರಂಗಭೂಮಿಯ ಬಗ್ಗೆ ಒಂದು ಪ್ರದರ್ಶನ ಏರ್ಪಾಡಾಯಿತು. ಹಗಲಲ್ಲಿ ಗ್ಯಾಲರಿಯಲ್ಲಿ ಕಿರೀಟ, ಭುಜಕೀರ್ತಿ, ಮುಖವಾಡ, ಬಣ್ಣದ ಪರದೆಗಳು; ಸಂಜೆ ಅಂಗಳದ ವೇದಿಕೆಯಲ್ಲಿ ಅದೇ ಊರುಗಳ ತಂಡಗಳಿಂದ ಆಟ. ರಾಜಧಾನಿಯ ಜನ ವಸ್ತುವನ್ನೂ ನೋಡಬೇಕು, ಅದು ರಂಗದ ಮೇಲೆ ಬದುಕುವುದನ್ನೂ ನೋಡಬೇಕು ಎಂಬುದು ಉದ್ದೇಶ. ಒಳ್ಳೆಯ ಉದ್ದೇಶವೇ. ಕೊಯಮತ್ತೂರು ಜಿಲ್ಲೆಯನ್ನು ನನಗೆ ವಹಿಸಿದರು. ಆಗ ತಿರುಪ್ಪೂರು ಬೇರೆ ಜಿಲ್ಲೆಯಾಗಿರಲಿಲ್ಲ; ಪಲ್ಲಡಂ, ಉಡುಮಲೈ ಎಲ್ಲ ಕೊಯಮತ್ತೂರಿಗೇ ಸೇರಿದ್ದವು.

ನನ್ನನ್ನು ಆರಿಸಿದ್ದಕ್ಕೆ ಕಾರಣವಿತ್ತು. ನಮ್ಮ ಮನೆ ಕೊಯಮತ್ತೂರಿನದು. ನಾಲ್ಕು ತಲೆಮಾರಿನಿಂದ ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಅಜ್ಜಿ ಹಟ ಹಿಡಿದು ನನಗೆ ಕನ್ನಡ ಅಕ್ಷರ ತಿದ್ದಿಸಿದ್ದರು. ನನ್ನ ತಮ್ಮನಿಗೆ ಇಂದಿಗೂ ಅದು ಬರುವುದಿಲ್ಲ. ಪೊಳ್ಳಾಚಿಯ ಆಚೆ ಕನ್ನಡ ಮಾತಾಡುವ ಒಕ್ಕಲು ಮನೆಗಳಿವೆ, ಅಲ್ಲೊಂದು ಹಳೆಯ ಆಟದ ತಂಡವಿದೆ ಎಂದು ಯಾರೋ ನಮ್ಮ ಮುಖ್ಯಾಧಿಕಾರಿಗೆ ಹೇಳಿದ್ದರಂತೆ. "ನಿಮ್ಮ ಭಾಷೆಯವರು, ನೀವೇ ಹೋಗಿ" ಎಂದರು.

ಜನವರಿಯ ಒಂದು ಬೆಳಿಗ್ಗೆ ಪೊಳ್ಳಾಚಿಯಲ್ಲಿ ಬಸ್ ಬದಲಿಸಿ ಆ ಊರಿಗೆ ಹೋದೆ. ತೆಂಗಿನ ತೋಟಗಳ ನಡುವೆ ನಲವತ್ತು ಮನೆ. ತಂಡದ ಹಿರಿಯರ ಹೆಸರು ರಂಗಸಾಮಿ ಗೌಡರ್. ಅರವತ್ತೆಂಟು ವಯಸ್ಸು, ತೆಳ್ಳಗೆ, ಎತ್ತರದ ಆಳು. ತೋಟದಲ್ಲಿ ನೀರು ತಿರುಗಿಸುತ್ತಿದ್ದವರು ಗುದ್ದಲಿ ಬಿಟ್ಟು ಬಂದು, ತಮಿಳಿನಲ್ಲಿ ಯಾರು ಏನು ಎಂದು ವಿಚಾರಿಸಿದರು. ನಾನು ಕನ್ನಡದಲ್ಲಿ ಉತ್ತರ ಕೊಟ್ಟೆ.

"ಮದ್ರಾಸ್ ಆಫೀಸಲ್ಲಿ ನಮ್ ಮಾತು ಎಂಗೆ ಬಂತು ಅಮ್ಮಿಣಿ?" ಎಂದರು. ಅಮ್ಮಿಣಿ ಎಂದರೆ ಆ ಸೀಮೆಯಲ್ಲಿ ಮಗಳ ವಯಸ್ಸಿನವರನ್ನು ಕರೆಯುವ ಪ್ರೀತಿಯ ಮಾತು. ಅಂದಿನಿಂದ ಕೊನೆಯವರೆಗೂ ನನ್ನನ್ನು ಹಾಗೇ ಕರೆದರು.

ಅವರ ಮಗಳು ಸರಸು ಕಾಫಿ ತಂದಳು. ಮೂವತ್ತರ ಆಸುಪಾಸು, ಊರಿನ ಬಾಲವಾಡಿಯಲ್ಲಿ ಟೀಚರ್. ಗಂಡ ತೀರಿಕೊಂಡ ಮೇಲೆ ಅಪ್ಪನ ಮನೆಗೇ ಬಂದು ಇದ್ದವಳು. ಅವಳೇ ಅಟ್ಟದಿಂದ ಒಂದು ಬಿದಿರಿನ ಪೆಟ್ಟಿಗೆ ಇಳಿಸಿದಳು. ಹಳೆ ಸೀರೆಯ ಸುತ್ತಿನೊಳಗೆ ಕಿರೀಟವಿತ್ತು. ಹಗುರ ಮರದಲ್ಲಿ ಕೆತ್ತಿ, ಮೇಲೆ ತಗಡಿನ ಹೂ ಬಡಿದು, ಗಾಜಿನ ಚೂರು ಕೂರಿಸಿದ್ದು. ಎರಡೂ ಬದಿಗೆ ಎತ್ತಿನ ಕೊಂಬುಗಳು. ನಾನು ಅಷ್ಟು ವರ್ಷದಲ್ಲಿ ಹತ್ತಾರು ರಂಗಕಿರೀಟಗಳನ್ನು ಕೈಯಲ್ಲಿ ಹಿಡಿದಿದ್ದೆ. ಕೊಂಬಿನ ಕಿರೀಟ ನೋಡಿರಲಿಲ್ಲ. ನೂರು ವರ್ಷಕ್ಕೆ ಕಡಿಮೆಯಿಲ್ಲ ಎಂದು ಮರದ ಒಣಗುವಿಕೆಯಿಂದಲೇ ಅಂದಾಜು ಮಾಡಿದೆ. ಸುಳ್ಳು ಹೇಳುವುದಿಲ್ಲ, ಆ ಗಳಿಗೆಯಿಂದ ನನ್ನ ಕಣ್ಣು ಅದರ ಮೇಲೇ ಇತ್ತು.

ಅವರು ಆಡುವ ಆಟದ ಹೆಸರು ಎತ್ತಿನ ದೊರೆ. ಒಬ್ಬ ದೊರೆ ಸಂತೆಯಲ್ಲಿ ಕಂಡ ಎತ್ತಿಗೆ ಮರುಳಾಗಿ, ಅದಕ್ಕೆ ಬದಲು ತನ್ನ ರಾಜ್ಯವನ್ನೇ ಕೊಟ್ಟು, ಎತ್ತು ಹಿಡಿದುಕೊಂಡು ಘಟ್ಟ ಇಳಿದು ಬಂದು ಉಳುಮೆಗೆ ನಿಲ್ಲುವ ಕಥೆ. ಜನ ನಗುನಗುತ್ತ ನೋಡುವ ಆಟ, ಕೊನೆಯಲ್ಲಿ ಅಳಿಸುತ್ತದೆ ಎಂದು ಸರಸು ಹೇಳಿದಳು. ವರ್ಷಕ್ಕೊಮ್ಮೆ ಸುಗ್ಗಿ ಮುಗಿದ ಮೇಲೆ ಆಡುತ್ತಿದ್ದರು. ಕತ್ತಲಾಗುವಾಗ ಶುರುವಾದರೆ ಏಳು ಗಂಟೆ ಹೊತ್ತು ನಡೆಯುವ ಆಟ. ವೇಷ ಹಾಕುವವರು ಆರು ಜನ. ಗೌಡರು ವೇಷ ಹಾಕುವವರಲ್ಲ; ತಾಳ ಹಿಡಿದು ಪಕ್ಕದಲ್ಲಿ ನಿಂತು ಹಾಡು ಹೇಳುತ್ತ, ಒಬ್ಬೊಬ್ಬ ಪಾತ್ರಧಾರಿಗೂ ಪ್ರಶ್ನೆ ಹಾಕಿ ಕಥೆ ನಡೆಸುವವರು. ಉಳಿದವರಿಗೆ ತಮ್ಮ ತಮ್ಮ ಉತ್ತರ ಮಾತ್ರ ಗೊತ್ತು. ಪೂರ್ತಿ ಆಟ ಗೊತ್ತಿದ್ದವರು ಇವರೊಬ್ಬರೇ. ಇವರು ಶಾಲೆಗೆ ಹೋದವರಲ್ಲ.

"ನೀನು ಬರೆದಿಟ್ಟುಕೊಳ್ಳಲಿಲ್ಲವಾ?" ಎಂದು ಸರಸುವನ್ನು ಕೇಳಿದೆ.

"ಪಾತ್ತೆನ್, ಮಾಡಿ ನೋಡ್ದೆ ಅಕ್ಕಾ, ನೋಟ್ ಇಟ್ಕೊಂಡು ಕುಂತೆ. ತಮಿಳ್ ಅಕ್ಷರದಲ್ಲೇ ಬರೀಬೇಕು, ನಂಗೆ ಬೇರೆ ಬರಾದಿಲ್ಲ. ಆದ್ರೆ ಅಪ್ಪಾಗೆ ನಿಲ್ಸಿ ನಿಲ್ಸಿ ಹೇಳಕ್ಕೆ ಆಗಾದಿಲ್ಲ. ತಾಳ ಹೊಡ್ದು ಎದ್ದು ನಿಂತ್ರೆ ತಾನೇ ಬತ್ತೈತೆ. ನನ್ ಕೈ ಓಡಾದಿಲ್ಲ."

ಕಿರೀಟ ಕೊಡುವಿರಾ ಎಂದು ಕೇಳಲು ನಾನು ಮಾತು ಹುಡುಕುತ್ತಿದ್ದೆ. ಗೌಡರೇ ಮೊದಲು ಬಾಯಿ ಬಿಟ್ಟರು. ದನಿ ಗೊಗ್ಗರಾಗಿತ್ತು, ಆಗಾಗ ನಿಲ್ಲಿಸಿ ನುಂಗಿಕೊಳ್ಳುತ್ತಿದ್ದರು.

"ಕಿರೀಟ ತಕೊಂಡ್ ಹೋಗಿ ಅಮ್ಮಿಣಿ. ಅದು ಮರ. ಬೇಕಂದ್ರೆ ಇನ್ನೊಂದು ಕೆತ್ತಿಸ್ಬೋದು. ನಿಮ್ಮತ್ರ ಟೇಪ್ ಮಿಷಿನ್ ಐತಂತಲ್ಲ, ಅದ್ರಲ್ಲಿ ಈ ಆಟ ಪೂರಾ ಹಿಡ್ಕೊಡಿ. ಮೊದಲ್ಲಿಂದ ಕಡೇವರ್ಗೂ. ಅಷ್ಟೇ ನಾನು ಕೇಳೋದು."

"ಖಂಡಿತ ಹಿಡಿಸಿಕೊಡುತ್ತೇನೆ ಗೌಡರೇ" ಎಂದೆ. ನನಗೆ ಅದು ಕಷ್ಟದ ಕೆಲಸ ಎಂದು ಅನ್ನಿಸಲೇ ಇಲ್ಲ. ತೊಂಬತ್ತು ನಿಮಿಷದ ಕ್ಯಾಸೆಟ್ಟು ಐದು ಇದ್ದರೆ ಏಳು ಗಂಟೆಯ ಆಟ ಮುಗಿಯುತ್ತದೆ ಎಂದು ಅಲ್ಲೇ ಮನಸ್ಸಿನಲ್ಲಿ ಲೆಕ್ಕ ಹಾಕಿದೆ. ಹೊರಡುವಾಗ ಸರಸು ಬಸ್ ನಿಲ್ದಾಣದವರೆಗೂ ಬಂದಳು. "ಗಂಟ್ಲಲ್ಲಿ ಮುಳ್ಳು ಕುಂತಂಗೈತೆ ಅಂತಾರೆ ಅಕ್ಕಾ, ಆರು ಮಾಸ ಆಯ್ತು. ಡಾಕ್ಟರ್ ಔಷಧಿ ಕುಡ್ದೌರೆ" ಎಂದಳು. ಕುಡಿಯಲು ಕೊಟ್ಟಿದ್ದಾರೆ ಎಂದು ಅವಳ ಅರ್ಥ. ನಾನು ಬಿಸಿನೀರು ಕುಡಿಯಲು ಹೇಳು ಎಂದೆ. ತೊಡೆಯ ಮೇಲೆ ಬಿದಿರಿನ ಪೆಟ್ಟಿಗೆ ಇಟ್ಟುಕೊಂಡು ಬಸ್ಸಿನಲ್ಲಿ ಕುಳಿತಾಗ ನನಗಿದ್ದುದು ಸಂತೋಷ ಮಾತ್ರ.

ವಸ್ತುಸಂಗ್ರಹಾಲಯಕ್ಕೆ ಬಂದ ವಸ್ತುವಿಗೆ ಮೊದಲು ಆಗುವುದು ಅಕ್ಸೆಷನ್. ಅಂದರೆ ಒಂದು ದಪ್ಪ ರಿಜಿಸ್ಟರಿನಲ್ಲಿ ಅದಕ್ಕೊಂದು ಸಂಖ್ಯೆ ಬೀಳುತ್ತದೆ. ಅಳತೆ, ತೂಕ, ವಿವರ, ಬಂದ ಊರು ಬರೆಯುತ್ತಾರೆ. ಸಂಖ್ಯೆ ಬಿದ್ದ ಮೇಲೆ ಅದು ಸರ್ಕಾರದ ಸ್ವತ್ತು, ಹಿಂದಕ್ಕೆ ಹೋಗುವುದಿಲ್ಲ. ಕಿರೀಟಕ್ಕೆ ನನ್ನ ಕೈಯಿಂದಲೇ ಸಂಖ್ಯೆ ಬರೆದೆ. ಎತ್ತರ ಹದಿನಾಲ್ಕು ಅಂಗುಲ.

ಪ್ರದರ್ಶನ ಮಾರ್ಚಿನಲ್ಲಿ. ತಂಡದ ಏಳು ಜನ ಮತ್ತು ಸರಸು ಎರಡು ದಿನ ಮೊದಲೇ ರೈಲಿನಲ್ಲಿ ಬಂದಿಳಿದರು. ಆ ವಾರ ರಾಜಧಾನಿಯಲ್ಲಿ ನೋಡಬೇಕಾದ ಪ್ರದರ್ಶನ, ನಾಟಕಗಳ ಪಟ್ಟಿ ಒಂದು ಪತ್ರಿಕೆಯಲ್ಲಿ ಬಂದಿತ್ತು. ಅದರಲ್ಲಿ ನಮ್ಮದೂ ಒಂದು ಸಾಲು: ಕೊಯಮತ್ತೂರು ಜಿಲ್ಲೆಯ ಜಾನಪದ ನೃತ್ಯ. ಆಟದ ಹೆಸರಿಲ್ಲ, ಆಡುವವರ ಹೆಸರಿಲ್ಲ. ನೃತ್ಯ ಅಂತೂ ಅಲ್ಲವೇ ಅಲ್ಲ. ನಾನು ಬರೆದುಕೊಟ್ಟ ಒಕ್ಕಣೆಯನ್ನು ಮೇಲಿನವರು ಕತ್ತರಿಸಿ ಹಾಗೆ ಕಳಿಸಿದ್ದರು. ಸರಸು ಆ ಸಾಲನ್ನು ಕತ್ತರಿಸಿ ಪರ್ಸಿನಲ್ಲಿಟ್ಟುಕೊಂಡಳು. "ನಮ್ ಜಿಲ್ಲೆ ಪೇರಾದ್ರೂ ಬಂತಲ್ಲ ಅಕ್ಕಾ" ಎಂದಳು; ಪೇರು ಎಂದರೆ ಹೆಸರು.

ಅವರಿಗೆಲ್ಲ ಗ್ಯಾಲರಿಗಳನ್ನು ತೋರಿಸಿದೆ. ಕಂಚಿನ ವಿಗ್ರಹಗಳ ಕೋಣೆಯಲ್ಲಿ ಗೌಡರು ಬಹಳ ಹೊತ್ತು ನಿಂತರು. "ಇವ್ರ ಪಾಟೆಲ್ಲ ಯಾರತ್ರ ಐತೆ?" ಎಂದು ಕೇಳಿದರು. ಈ ದೇವರುಗಳ ಮುಂದೆ ಒಂದು ಕಾಲದಲ್ಲಿ ಹಾಡುತ್ತಿದ್ದ ಹಾಡುಗಳು ಈಗ ಯಾರ ಬಳಿ ಇವೆ ಎಂದು.

ಆಮೇಲೆ ಅವರ ಕಿರೀಟ ಇಟ್ಟಿದ್ದ ಗಾಜಿನ ಪೆಟ್ಟಿಗೆಯ ಎದುರು ಬಂದೆವು. ದೊರೆಯ ವೇಷ ಹಾಕುತ್ತಿದ್ದವನು ಗೌಡರ ತಮ್ಮನ ಮಗ ನಂಜಪ್ಪ. "ಸಾಯಂಕಾಲ ಇದನ್ನ ಎತ್ತಿಕೊಡ್ತೀರಲ್ಲ?" ಎಂದು ಕೇಳಿದ. ಕೊಡುತ್ತೇವೆಂದೇ ನಾನೂ ತಿಳಿದಿದ್ದೆ. ಮುಖ್ಯಾಧಿಕಾರಿಗಳ ಕೋಣೆಗೆ ಹೋದೆ. ಅಕ್ಸೆಷನ್ ಆದ ವಸ್ತುವನ್ನು ತಲೆಯ ಮೇಲೆ ಹೊತ್ತು ಕುಣಿಯಲು ಕೊಡುವುದು ಯಾವ ನಿಯಮದಲ್ಲಿದೆ ಎಂದು ಅವರು ಕೇಳಿದರು. ಬೆವರು ತಗುಲಿದರೆ ಬಣ್ಣ ಏಳುತ್ತದೆ ಎಂದರು. ಅದು ನಿಜವೇ. ನಾನು ಬೇರೆ ಕಡೆ ಅದೇ ಮಾತನ್ನು ಹೇಳಿದ್ದವಳು. ನಮ್ಮ ಡಿಸ್‌ಪ್ಲೇ ವಿಭಾಗದವರು ಥರ್ಮೊಕೋಲಿನಲ್ಲಿ ಒಂದು ಕಿರೀಟ ಕತ್ತರಿಸಿ ಬಂಗಾರದ ಬಣ್ಣ ಬಳಿದುಕೊಟ್ಟರು. ನಂಜಪ್ಪ ಅದನ್ನು ಕೈಯಲ್ಲಿ ತಿರುಗಿಸಿ ನೋಡಿ ತೆಗೆದುಕೊಂಡ.

ಆಟಕ್ಕೆ ಕೊಟ್ಟ ವೇಳೆ ಇಪ್ಪತ್ತು ನಿಮಿಷ. ಜನಕ್ಕೆ ತಿಳಿಯುವ ಹಾಗೆ ತಮಿಳಿನಲ್ಲಿ ಆಡಲಿ ಎಂಬ ಸೂಚನೆಯೂ ಬಂತು. ಅದನ್ನು ಹೇಳಲು ನನಗೆ ನಾಚಿಕೆಯಾಯಿತು, ಆದರೂ ಹೇಳಿದೆ. ಗೌಡರು ಸಿಟ್ಟಾಗಲಿಲ್ಲ. "ಆ ಎತ್ತು ಕನ್ನಡದಲ್ಲೇ ನಡೆಯೋದು ಅಮ್ಮಿಣಿ. ತಮಿಳಲ್ಲಿ ಹೇಳಿದ್ರೆ ನಿಂತ್ಕೊಂಡ್ಬಿಡ್ತೈತೆ" ಎಂದರು. ಕನ್ನಡದಲ್ಲೇ ಆಡಿದರು.

ಅಂದು ಅವರ ಹಾಡುವ ದನಿಯನ್ನು ನಾನು ಮೊದಲ ಬಾರಿ ಕೇಳಿದೆ. ಮಾತಾಡುವಾಗ ಅಷ್ಟು ಒಡೆದಿದ್ದ ಗಂಟಲು ತಾಳ ಬಿದ್ದೊಡನೆ ಬೇರೆಯೇ ಆಯಿತು. ಎತ್ತರದ ಸ್ವರದಲ್ಲಿ ಸೀಳಿಹೋಗುತ್ತಿತ್ತು, ಆದರೆ ಸೀಳಿದ ಕಡೆಯೇ ಹಿಡಿದು ಮತ್ತೆ ಮೇಲೇರುತ್ತಿದ್ದರು. "ಬಂದ ದಾರಿ ಮುಳ್ಳು ಮುಚ್ಚಿತು, ಹೋಗೊ ದಾರಿ ಕಾಣೆನು" ಎಂಬ ಸಾಲು ಮೂರು ಸಲ ಬಂತು. ಅಂಗಳದಲ್ಲಿ ಕುಳಿತಿದ್ದ ಜನ ಅರ್ಥವಾಗದೆಯೂ ಸುಮ್ಮನಾಗಿದ್ದರು. ದೊರೆ ಎತ್ತನ್ನು ಕಾಣುವ ಹೊತ್ತಿಗೆ ಇಪ್ಪತ್ತು ನಿಮಿಷ ಮುಗಿಯಿತು. ಪಕ್ಕದಿಂದ ಕೈಸನ್ನೆ ಬಂತು. ಗೌಡರು ತಾಳ ನಿಲ್ಲಿಸಿ ಕೈಮುಗಿದರು. ಚಪ್ಪಾಳೆ ಬಿತ್ತು.

ನಾನು ಓಡಿದ್ದು ಧ್ವನಿ ವಿಭಾಗದವರ ಮೇಜಿಗೆ. ಅಷ್ಟಾದರೂ ರೆಕಾರ್ಡ್ ಆಯಿತೇ ಎಂದು ಕೇಳಿದೆ. ಉದ್ಘಾಟನಾ ಭಾಷಣಗಳು ಉದ್ದವಾಗಿ ಸ್ಪೂಲ್ ಟೇಪು ಮುಗಿದಿದೆ ಎಂದರು. ಗೌಡರು ಬೆವರು ಒರೆಸಿಕೊಳ್ಳುತ್ತ ಬಂದರು. "ಹಿಡೀತಾ?" ಎಂದರು. ಇಲ್ಲ ಎಂದೆ. ಪೂರ್ತಿ ಆಟವನ್ನೇ ಊರಿಗೆ ಬಂದು ಹಿಡಿಯುತ್ತೇವೆ, ನಾನೇ ಬರುತ್ತೇನೆ ಎಂದೂ ಸೇರಿಸಿದೆ. "ಬೇಗ ಬನ್ನಿ" ಎಂದಷ್ಟೇ ಹೇಳಿದರು.

ಏಪ್ರಿಲ್ ಮೊದಲ ವಾರದಲ್ಲಿ ನಾನು ಟೂರ್ ಪ್ರಸ್ತಾವ ಬರೆದೆ. ಯಂತ್ರ ಕಚೇರಿಯಿಂದ ಹೊರಗೆ ಹೋಗಬೇಕಾದರೆ, ಅದರ ಜೊತೆ ಒಬ್ಬ ತಂತ್ರಜ್ಞ ಬರಬೇಕಾದರೆ, ಮೂರು ಮೇಜಿನ ಒಪ್ಪಿಗೆ ಬೇಕಿತ್ತು. ಒಂದು ಮೇಜಿನವರು ಈ ಆಟ ಯಾವ ಭಾಷೆಯದು ಎಂದು ಬರೆದು ಹಿಂದಕ್ಕೆ ಕಳಿಸಿದರು. ಕನ್ನಡ ಎಂದು ಉತ್ತರಿಸಿದೆ. ಹಾಗಿದ್ದರೆ ಇದನ್ನು ಕರ್ನಾಟಕದವರು ಏಕೆ ಮಾಡಬಾರದು ಎಂಬ ಟಿಪ್ಪಣಿಯೊಂದಿಗೆ ಫೈಲು ಮತ್ತೆ ಬಂತು. ಈ ಜನ ಇಲ್ಲೇ ಹುಟ್ಟಿ ಇಲ್ಲೇ ಉತ್ತವರು ಎಂದು ಒಂದೂವರೆ ಪುಟ ಬರೆದೆ. ಹೀಗೆ ಜೂನ್ ಮುಗಿಯಿತು.

ಜುಲೈನಲ್ಲಿ ಸರಸುವಿನ ಪೋಸ್ಟ್‌ಕಾರ್ಡ್ ಬಂತು. ತಮಿಳಿನಲ್ಲಿ ದುಂಡಗೆ ಬರೆದಿದ್ದಳು. ಅಪ್ಪನಿಗೆ ಗಂಟಲಲ್ಲಿ ಗಡ್ಡೆ. ಕೊಯಮತ್ತೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಬೇಕಂತೆ. ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತಾರಂತೆ, ಆಮೇಲೆ ಮಾತು ಬರುವುದಿಲ್ಲವಂತೆ. ಅದಕ್ಕೆ ಮೊದಲು ಮಿಷಿನ್ ತೆಗೆದುಕೊಂಡು ಬನ್ನಿ, ಅಪ್ಪ ದಿನಾ ಕೇಳುತ್ತಾರೆ.

ಕಾರ್ಡ್ ಹಿಡಿದು ಮುಖ್ಯಾಧಿಕಾರಿಗಳ ಬಳಿ ಹೋದೆ. ಅವರು ಕೆಟ್ಟವರಲ್ಲ. ಓದಿ, ಕನ್ನಡಕ ತೆಗೆದಿಟ್ಟು, "ಪಾಪ" ಎಂದರು. ಆಮೇಲೆ ಹೇಳಿದರು: "ಮಂಜೂರಾತಿ ಇಲ್ಲದೆ ಯಂತ್ರ ಹೊರಗೆ ಹೋದರೆ ನಾಳೆ ಉತ್ತರ ಹೇಳುವವರು ಯಾರು? ನೀವಾ, ನಾನಾ? ಹತ್ತು ದಿನ ತಡೆಯಿರಿ. ನಾನೇ ಹಿಂದೆ ಬೀಳುತ್ತೇನೆ." ಅವರು ನಿಜವಾಗಿಯೂ ಹಿಂದೆ ಬಿದ್ದರು. ನಾನು ತಡೆದೆ. ಆದೇಶ ಬಂದದ್ದು ಹತ್ತೊಂಬತ್ತನೆಯ ದಿನ.

ಯಂತ್ರ, ತಂತ್ರಜ್ಞ, ಹೊಸ ಟೇಪುಗಳೊಂದಿಗೆ ಕೊಯಮತ್ತೂರಿಗೆ ಬಂದಿಳಿದೆ. ತಂತ್ರಜ್ಞರು ಲಾಡ್ಜಿಗೆ ಹೋದರು, ನಾನು ತಮ್ಮನ ಮನೆಗೆ. ತಮ್ಮನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಒಂದು ಸ್ಟೂಲಿನ ಮೇಲೆ ಟೇಪ್ ರೆಕಾರ್ಡರ್ ಇಟ್ಟುಕೊಂಡು ರೇಡಿಯೋದಲ್ಲಿ ಬರುವ ಸಿನಿಮಾ ಹಾಡು ಹಿಡಿದುಕೊಳ್ಳುತ್ತಿದ್ದಳು. ಕೈಯಲ್ಲಿ ಎತ್ತಿಕೊಂಡು ಹೋಗುವಷ್ಟು ಚಿಕ್ಕದು. ತಮ್ಮನ ಸ್ನೇಹಿತರು ಸಿಂಗಾಪುರದಿಂದ ತಂದುಕೊಟ್ಟದ್ದು. ಮನೆಗೆ ಬಂದು ಎರಡು ವರ್ಷವಾಗಿತ್ತು. ಜನವರಿಯಲ್ಲಿ ಆ ಊರಿಗೆ ಹೋಗುವ ಮುನ್ನ ನಾನು ಇದೇ ಮನೆಯಲ್ಲಿ ಎರಡು ದಿನ ಇದ್ದೆ. ಪೋಸ್ಟ್‌ಕಾರ್ಡ್ ಬಂದಾಗ ನನ್ನ ಲೆಕ್ಕದಲ್ಲಿ ಇಪ್ಪತ್ತಕ್ಕೂ ಹೆಚ್ಚು ದಿನದ ರಜೆ ಇತ್ತು. ರಜೆ ಹಾಕಿ, ರೈಲು ಹತ್ತಿ, ಈ ಪೆಟ್ಟಿಗೆ ಎತ್ತಿಕೊಂಡು ಪೊಳ್ಳಾಚಿಯ ಬಸ್ ಹಿಡಿದಿದ್ದರೆ ಆಗುತ್ತಿತ್ತು. ಆ ಯೋಚನೆ ನನಗೆ ಬಂದಿರಲೇ ಇಲ್ಲ. ಕಚೇರಿಯ ಕೆಲಸ ಕಚೇರಿಯ ಯಂತ್ರದಲ್ಲೇ ಆಗಬೇಕೆಂದು ಎಂಟು ವರ್ಷದ ನೌಕರಿ ನನ್ನನ್ನು ಪಳಗಿಸಿತ್ತು. ನಾದಿನಿ "ಏನಾಯ್ತು ಅತ್ತಿಗೆ, ಸುಸ್ತಾ?" ಎಂದು ಕೇಳಿದಳು. ಹೌದು ಎಂದೆ.

ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಊರು ಮುಟ್ಟಿದೆವು. ಆಪರೇಷನ್ ಆಗಿ ಹದಿನಾಲ್ಕು ದಿನ, ಮನೆಗೆ ಕರೆತಂದು ಎರಡು ದಿನ ಆಗಿತ್ತು. ಗೌಡರು ಜಗಲಿಯಲ್ಲಿ ಹಗ್ಗದ ಮಂಚದ ಮೇಲೆ ಕುಳಿತಿದ್ದರು. ಕುತ್ತಿಗೆಯ ಕೆಳಗೆ ಉಸಿರಿಗಾಗಿ ಒಂದು ತೂತು ಮಾಡಿ, ಮೇಲೆ ತೆಳು ಬಟ್ಟೆ ಇಳಿಬಿಟ್ಟಿದ್ದರು. ಉಸಿರು ಒಳಗೆ ಹೊರಗೆ ಆದಂತೆ ಬಟ್ಟೆ ಅಲುಗುತ್ತಿತ್ತು. ನನ್ನನ್ನು ನೋಡಿ ತುಟಿ ಅಲುಗಿತು. ಅಮ್ಮಿಣಿ ಎಂದರೆಂದು ತಿಳಿಯಿತು.

ನಾನು ಕ್ಷಮಾಪಣೆಯಂಥ ಏನೋ ಹೇಳಲು ಹೋದೆ. ಅವರು ಕೈಯಾಡಿಸಿ ತಡೆದು, ತಂತ್ರಜ್ಞರ ಕೈಯಲ್ಲಿದ್ದ ಯಂತ್ರದ ಕಡೆ ತೋರಿಸಿದರು. ಹೂಡಿ ಎಂದು ಸನ್ನೆ ಮಾಡಿದರು. ಸರಸು ಹೋಗಿ ನಂಜಪ್ಪನನ್ನೂ ಉಳಿದ ಐವರನ್ನೂ ಕರೆತಂದಳು. ತೋಟದಿಂದ ಹಾಗೇ ಬಂದವರು, ಕಾಲಲ್ಲಿ ಕೆಸರು. ಜಗಲಿಯ ಕೆಳಗೆ ಸಾಲಾಗಿ ನಿಂತರು.

ಗೌಡರು ಎದ್ದು ನಿಂತರು. ಸರಸು ತಾಳ ಕೊಟ್ಟಳು. ತಂತ್ರಜ್ಞರು ನನ್ನ ಮುಖ ನೋಡಿದರು, ನಾನು ತಲೆಯಾಡಿಸಿದೆ, ಟೇಪು ತಿರುಗತೊಡಗಿತು. ತಾಳ ಬಿತ್ತು. ಗೌಡರ ಬಾಯಿ ತೆರೆಯಿತು. ತುಟಿ, ನಾಲಗೆ, ಹುಬ್ಬು ಎಲ್ಲವೂ ಹಾಡುತ್ತಿದ್ದವು, ಕತ್ತಿನ ನರ ಉಬ್ಬಿತ್ತು. ಕೇಳಿಸುತ್ತಿದ್ದುದು ತಾಳ ಮತ್ತು ತೂತಿನಿಂದ ಹೋಗುವ ಗಾಳಿ.

ಸರಸು ಅಪ್ಪನ ಎದುರು ನಿಂತು ತುಟಿ ನೋಡಿ ಒಂದೊಂದೇ ಮಾತನ್ನು ಗಟ್ಟಿಯಾಗಿ ಹೇಳಲು ನೋಡಿದಳು. ಮೊದಲ ಹಾಡಿನ ನಾಲ್ಕು ಸಾಲು ಅವಳಿಗೆ ಹೇಗೂ ಗೊತ್ತಿತ್ತು, ಅಷ್ಟು ಬಂತು. ಐದನೆಯದರಲ್ಲಿ ತಡವರಿಸಿದಳು. ಗೌಡರು ತಿರುಗಿ ನಂಜಪ್ಪನ ಕಡೆ ಪ್ರಶ್ನೆ ಹಾಕಿದರು. ನಂಜಪ್ಪ ಅವರ ಬಾಯನ್ನೇ ನೋಡುತ್ತ ನಿಂತ. ಗೌಡರು ಮತ್ತೆ ಹಾಕಿದರು. ನಂಜಪ್ಪ ಒಂದು ಉತ್ತರ ಹೇಳಿದ. ಗೌಡರು ಅಲ್ಲವೆಂದು ತಲೆಯಾಡಿಸಿದರು. ಇನ್ನೊಂದು ಹೇಳಿದ, ಅದೂ ಅಲ್ಲ.

"ದೊಡ್ಡಪ್ಪಾ ಎತ್ತಿ ಕುಡದೇ ನಂಗೆ ಬರಾದಿಲ್ಲ" ಎಂದು ನಂಜಪ್ಪ ನನ್ನ ಕಡೆ ತಿರುಗಿ ಹೇಳಿದ. ಅವರು ಮಾತು ಎತ್ತಿಕೊಡದಿದ್ದರೆ ತನಗೆ ಬರುವುದಿಲ್ಲ ಎಂದು. "ಅವ್ರು ಕೇಳಿದ್ರೆ ಬಾಯಿಗೆ ಬತ್ತೈತೆ. ಇಲ್ಲಾಂದ್ರೆ ಉಳ್ಳೆ ಏನೂ ಇಲ್ಲ ಮೇಡಂ." ಒಳಗೆ ಏನೂ ಇಲ್ಲ ಎಂದು. ಉಳಿದವರೂ ಹಾಗೇ. ಎಲ್ಲರ ಬಳಿಯೂ ಉತ್ತರಗಳಿದ್ದವು, ಯಾವ ಪ್ರಶ್ನೆಗೆ ಎಂಬುದು ಇರಲಿಲ್ಲ.

ಅರ್ಧ ಗಂಟೆ ಹೀಗೆ ನಡೆಯಿತು. ಗೌಡರು ಬಿಡಲಿಲ್ಲ. ಕೈಯಿಂದ ಎತ್ತಿನ ಕೊಂಬು ತೋರಿಸಿದರು, ಘಟ್ಟ ಇಳಿಯುವುದನ್ನು ನಡೆದು ತೋರಿಸಿದರು. ಕಥೆ ಎಲ್ಲರಿಗೂ ಗೊತ್ತಿತ್ತು, ಮಾತು ಬೇಕಿತ್ತು. ಒಮ್ಮೆ ಬಟ್ಟೆಯ ಮೇಲೆ ರಕ್ತದ ಕಲೆ ಕಂಡಿತು. ಸರಸು "ಸಾಕುಪ್ಪಾ" ಎಂದಳು. ಅವರು ತಾಳ ಕೆಳಗಿಟ್ಟು, ನಿಧಾನವಾಗಿ ಯಂತ್ರದ ಬಳಿ ಬಂದು, ಯಾವ ಗುಂಡಿ ಎಂದು ಸನ್ನೆಯಲ್ಲೇ ಕೇಳಿದರು. ತಂತ್ರಜ್ಞರು ತೋರಿಸಿದರು. ಗೌಡರೇ ಒತ್ತಿ ನಿಲ್ಲಿಸಿದರು. ಆಮೇಲೆ ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ನಾವು ಹೊರಡುವವರೆಗೂ ತಿರುಗಲಿಲ್ಲ.

ಬಸ್ ನಿಲ್ದಾಣಕ್ಕೆ ಸರಸು ಬಂದಳು. ಬೈಯುತ್ತಾಳೆ ಎಂದುಕೊಂಡಿದ್ದೆ, ಬೈದಿದ್ದರೆ ಚೆನ್ನಾಗಿತ್ತು. "ಆಪರೇಷನ್ ಹಿಂದಿನ ದಿನ ಆಸ್ಪತ್ರೇಲಿ ಹಾಸಿಗೆ ಮೇಲೆ ಕುಂತು ಹಾಡಿದ್ರು ಅಕ್ಕಾ. ನರ್ಸಮ್ಮ ಬಂದು ಸುಮ್ನಿರಿ ಅಂದ್ರು. ನಾನು ಕೇಳ್ಕೊಂಡೆ. ಆದ್ರೆ ನಂಗೆ ನೆನಪಿಲ್ಲ" ಎಂದಳು. ಬಸ್ ಬಂತು.

ರಂಗಸಾಮಿ ಗೌಡರು ಮುಂದಿನ ವರ್ಷ ತೀರಿಕೊಂಡರು. ಆ ಊರಿನಲ್ಲಿ ಆಟ ಮತ್ತೆ ನಡೆಯಲಿಲ್ಲ. ಕಿರೀಟವನ್ನಾದರೂ ಹಿಂದಿರುಗಿಸೋಣವೆಂದು ಬರೆದ ನನ್ನ ಪತ್ರಕ್ಕೆ, ಅಕ್ಸೆಷನ್ ಆದ ವಸ್ತುವಿನ ದಾಖಲೆಯನ್ನು ರದ್ದು ಮಾಡಲು ಅವಕಾಶವಿಲ್ಲ ಎಂಬ ಉತ್ತರ ಬಂತು. ಆ ಉತ್ತರದಲ್ಲಿ ತಪ್ಪೇನೂ ಇರಲಿಲ್ಲ. ಟೇಪನ್ನು ಒಂದೇ ಒಂದು ಸಲ ಹಾಕಿ ಕೇಳಿದೆ. ಮೂವತ್ತೊಂದು ನಿಮಿಷ, ತಾಳ, ಗಾಳಿ, ಸರಸುವಿನ ತಡವರಿಕೆ, ದೂರದಲ್ಲಿ ಪಂಪ್‌ಸೆಟ್ಟಿನ ಸದ್ದು.

ಇಪ್ಪತ್ತಮೂರು ವರ್ಷ ಮತ್ತೆ ಅದೇ ಕೆಲಸ ಮಾಡಿ ನಿವೃತ್ತಳಾದೆ. ಆ ವರ್ಷಗಳಲ್ಲಿ ಎಲ್ಲಿಗೆ ಹೋದರೂ ನನ್ನದೇ ಟೇಪ್ ರೆಕಾರ್ಡರ್ ಚೀಲದಲ್ಲಿರುತ್ತಿತ್ತು, ವಸ್ತುವಿನ ಮಾತು ಎತ್ತುವ ಮೊದಲು ಅದನ್ನು ಹೂಡುತ್ತಿದ್ದೆ. ಎಷ್ಟೋ ಹಾಡು ಹಿಡಿದೆ. ಅವು ಯಾವುವೂ ಇದಕ್ಕೆ ಬದಲಾಗಲಿಲ್ಲ. ತರಬೇತಿಗೆ ಬರುತ್ತಿದ್ದ ಹೊಸಬರಿಗೆ, ಮರ ಕಾಯುತ್ತದೆ, ಮನುಷ್ಯರ ಗಂಟಲು ಕಾಯುವುದಿಲ್ಲ, ಮೊದಲು ಯಾವುದು ಎಂದು ನೀವೇ ತೀರ್ಮಾನಿಸಿ, ಒಪ್ಪಿಗೆ ಬರಲಿ ಎಂದು ಕೂರಬೇಡಿ ಎಂದು ಹೇಳುತ್ತಿದ್ದೆ. ಅವರು ಶ್ರದ್ಧೆಯಿಂದ ಬರೆದುಕೊಳ್ಳುತ್ತಿದ್ದರು. ಆಮೇಲೆ ಕಚೇರಿಗೆ ಹೋಗಿ, ನನ್ನ ಹಾಗೇ, ಪ್ರಸ್ತಾವ ಬರೆದು ಕಾಯುತ್ತಿದ್ದರು.